ಇಂತಿ ನಿಮ್ಮ ಅವಿಶ್ವಾಸಿ

ನಗಿಸುವ ಸಿನಿಮಾಗಳ ಬಗ್ಗೆ ಗಂಭೀರವಾಗಿ ಬರೆಯುವುದು ಕೊಂಚ ಮುಜುಗರದ ಕೆಲಸ. ನಕ್ಕದ್ದೇಕೆ ಎಂದು ವಿವರಿಸಲು ಹೊರಟವನ ಮುಂದೆ ನಗೆ ನಿಲ್ಲುವುದಿಲ್ಲ. ಆದರೂ ಒಂದು ಹಳೆಯ ಕಪ್ಪು ಬಿಳುಪಿನ ಹಾಸ್ಯಚಿತ್ರ ಕೆಲವು ದಿನಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ನೋಡುವಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅಂದು ರಾತ್ರಿ ದೀಪ ಆರಿಸಿ ಮಲಗಿದ ಮೇಲೆ, ನಾನು ನಕ್ಕದ್ದು ಯಾರನ್ನು ನೋಡಿ ಎಂಬ ಪ್ರಶ್ನೆ ಎದ್ದು ಕುಳಿತಿತು. ಪರದೆಯ ಮೇಲಿನ ಆ ಗಂಡನನ್ನೋ, ಅವನೊಳಗೆ ಕಂಡ ಇನ್ನೊಬ್ಬನನ್ನೋ?

ಸಿನಿಮಾದ ಹೆಸರು ‘ಅನ್‌ಫೇತ್‌ಫುಲಿ ಯುವರ್ಸ್’. 1948ರಲ್ಲಿ ಅಮೆರಿಕದ ಪ್ರೆಸ್ಟನ್ ಸ್ಟರ್ಜಸ್ ಬರೆದು, ನಿರ್ಮಿಸಿ, ನಿರ್ದೇಶಿಸಿದ ಚಿತ್ರ. ಇಂಗ್ಲಿಷ್ ಪತ್ರಗಳ ಕೊನೆಯಲ್ಲಿ ಬರೆಯುವ ಒಕ್ಕಣೆಯನ್ನು ತಲೆಕೆಳಗು ಮಾಡಿದ ಹೆಸರು ಇದು. ನಾವು ಕನ್ನಡದ ಅರ್ಜಿಗಳಲ್ಲಿ ‘ಇಂತಿ ತಮ್ಮ ವಿಶ್ವಾಸಿ’ ಎಂದು ಬರೆಯುತ್ತೇವಲ್ಲ, ಅದನ್ನು ‘ಇಂತಿ ನಿಮ್ಮ ಅವಿಶ್ವಾಸಿ’ ಎಂದು ಬರೆದಂತೆ. ಹೆಸರು ಕೇಳಿದ ಕೂಡಲೇ ನಂಬಿಕೆಗೆಟ್ಟ ಹೆಂಡತಿಯೊಬ್ಬಳ ಕತೆ ಇರಬೇಕು ಎನಿಸುತ್ತದೆ. ಸಿನಿಮಾ ಮುಗಿಯುವ ಹೊತ್ತಿಗೆ ಆ ಸಹಿ ಯಾರದು ಎಂಬುದು ಬೇರೆಯೇ ತೆರನಾಗಿ ಹೊಳೆಯುತ್ತದೆ.

ಕತೆಯನ್ನು ತಿಳಿಯದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಸರ್ ಆಲ್ಫ್ರೆಡ್ ಡಿ ಕಾರ್ಟರ್ ಜಗತ್ಪ್ರಸಿದ್ಧ ವಾದ್ಯವೃಂದ ನಿರ್ದೇಶಕ. ಹತ್ತಾರು ವಾದ್ಯಗಾರರನ್ನು ಕೈಯಲ್ಲಿರುವ ಸಣ್ಣ ಕೋಲಿನಿಂದಲೇ ಆಳುವವನು. ಪಾತ್ರ ಮಾಡಿದವನು ರೆಕ್ಸ್ ಹ್ಯಾರಿಸನ್. ಅವನಿಗೆ ವಯಸ್ಸಿನಲ್ಲಿ ತುಂಬ ಚಿಕ್ಕವಳಾದ, ಅವನನ್ನು ಮನಸಾರೆ ಪ್ರೀತಿಸುವ ಹೆಂಡತಿ ಡಾಫ್ನಿ. ಆ ಪಾತ್ರದಲ್ಲಿ ಲಿಂಡಾ ಡಾರ್ನೆಲ್. ಆಲ್ಫ್ರೆಡ್ ಇಂಗ್ಲೆಂಡಿಗೆ ಹೊರಡುವಾಗ ಷಡ್ಡಕ ಆಗಸ್ಟ್‌ಗೆ, ನನ್ನ ಹೆಂಡತಿಯ ಮೇಲೆ ಒಂದು ಕಣ್ಣಿಟ್ಟಿರು ಎಂದು ಮಾತಿಗೆ ಹೇಳಿರುತ್ತಾನೆ. ಒಂಟಿಯಾಗಿರುತ್ತಾಳೆ, ಆಗಾಗ ಯೋಗಕ್ಷೇಮ ವಿಚಾರಿಸು ಎಂಬಷ್ಟೇ ಅದರ ಅರ್ಥ. ದುಡ್ಡಿನ ಹೊರತು ಬೇರೆ ಭಾಷೆ ತಿಳಿಯದ ಆಗಸ್ಟ್ ಆ ಮಾತನ್ನು ಅಕ್ಷರಶಃ ಹಿಡಿದು, ಖಾಸಗಿ ಪತ್ತೇದಾರರನ್ನು ನೇಮಿಸಿ ಅವಳ ಹಿಂದೆ ಬಿಡುತ್ತಾನೆ. ಆಲ್ಫ್ರೆಡ್ ಮರಳಿ ಬಂದಾಗ ಪತ್ತೇದಾರರ ವರದಿ ಸಿದ್ಧವಾಗಿರುತ್ತದೆ.

ಇಲ್ಲಿಂದ ಮುಂದಿನದು ನನಗೆ ಇಡೀ ಸಿನಿಮಾದ ಜಾಣತನ ಅನಿಸಿದ ಭಾಗ. ಆಲ್ಫ್ರೆಡ್ ಆ ವರದಿಯನ್ನು ಓದುವುದಿಲ್ಲ. ಕೆಂಡಾಮಂಡಲವಾಗಿ ಹರಿದು ಬಿಸಾಡುತ್ತಾನೆ. ಹೋಟೆಲಿನ ಕಾವಲಿನವನೊಬ್ಬ ಚೂರುಗಳನ್ನು ಆಯ್ದು, ಅಂಟಿಸಿ, ಒಪ್ಪವಾಗಿ ಮರಳಿ ತಂದುಕೊಡುತ್ತಾನೆ. ಆಲ್ಫ್ರೆಡ್ ಅದಕ್ಕೆ ಬೆಂಕಿ ಇಡುತ್ತಾನೆ. ಬೆಂಕಿ ಕೋಣೆಗೇ ಹತ್ತಿಕೊಳ್ಳುತ್ತದೆ. ಇನ್ನೊಂದು ಪ್ರತಿ ಪತ್ತೇದಾರನ ಕಚೇರಿಯಲ್ಲಿ ಇರಬೇಕೆಂದು ಹೊಳೆದು, ಅದನ್ನೂ ನಾಶ ಮಾಡಿಸಲು ತಾನೇ ಅಲ್ಲಿಗೆ ಹೋಗುತ್ತಾನೆ. ಪತ್ತೇದಾರ ಸ್ವೀನಿ ಪಾಪದ ಮನುಷ್ಯ, ಸಂಗೀತದ ಹುಚ್ಚಿನವನು, ಆಲ್ಫ್ರೆಡ್‌ನ ಅಭಿಮಾನಿ. ಯಾವ ದುರುದ್ದೇಶವೂ ಇಲ್ಲದ ಅವನ ಬಾಯಿಂದಲೇ ಆ ಸಂಗತಿ ಹೊರಬೀಳುತ್ತದೆ: ಒಂದು ರಾತ್ರಿ ಡಾಫ್ನಿ ಮಲಗುವ ಉಡುಪಿನಲ್ಲಿ ಆಲ್ಫ್ರೆಡ್‌ನ ತರುಣ ಕಾರ್ಯದರ್ಶಿ ಟೋನಿಯ ಕೋಣೆಗೆ ಹೋದಳು. 38 ನಿಮಿಷ ಒಳಗಿದ್ದಳು.

ಮೂರು ಸಲ ಗೆದ್ದ ಮನುಷ್ಯ ನಾಲ್ಕನೆಯ ಸಲ ಬಿದ್ದ. ಬಿದ್ದದ್ದು ಕೆಟ್ಟತನದಿಂದಲ್ಲ. ಹೆಂಡತಿಯ ಮಾನದ ಮೇಲಿನ ಕಳಂಕದ ಕೊನೆಯ ಕಾಗದವನ್ನೂ ಅಳಿಸಬೇಕೆಂಬ ಒಳ್ಳೆಯತನವೇ ಅವನನ್ನು ಆ ಕಚೇರಿಯ ಕುರ್ಚಿಯವರೆಗೆ ಕರೆದುಕೊಂಡು ಹೋಯಿತು. ಸಂಶಯ ನಮ್ಮೊಳಗೆ ಹೊಕ್ಕಾಗ ಸಂಶಯದ ವೇಷದಲ್ಲಿ ಬರುವುದು ಅಪರೂಪ. ಬಹಳಷ್ಟು ಸಲ ಅದು ಕಾಳಜಿಯಾಗಿ, ಮನೆತನದ ಮರ್ಯಾದೆಯಾಗಿ ಬರುತ್ತದೆ. ಇಲ್ಲವೇ, ನಾನು ನಂಬುವುದಿಲ್ಲ, ಆದರೂ ಕೇಳಿಬಿಡೋಣ ಎಂಬ ಧಾರಾಳತನವಾಗಿ ಬರುತ್ತದೆ.

ನಾನು ಓದಿದ್ದು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡದಲ್ಲಿ. ಎರಡು ಭಾಷೆಗಳ ನಡುವೆ ಬೆಳೆದವರಿಗೆ ಒಂದು ಚಟವಿರುತ್ತದೆ. ಒಂದೇ ಪದವನ್ನು ಎರಡೂ ಕಡೆಯಿಂದ ತಿರುಗಿಸಿ ನೋಡುವುದು. ಕನ್ನಡದಲ್ಲಿ ಶಂಕೆಗೆ ‘ಗುಮಾನಿ’ ಎನ್ನುತ್ತೇವೆ. ಅದು ಫಾರಸಿಯ ‘ಗುಮಾನ್’ನಿಂದ ಬಂದದ್ದು. ಅಲ್ಲಿ, ಉರ್ದುವಿನಲ್ಲಿ ಕೂಡ, ಗುಮಾನ್ ಎಂದರೆ ಊಹೆ, ಅಂದಾಜು. ಊಹೆ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಕೆಟ್ಟ ಊಹೆಗೆ ‘ಬದ್‌ಗುಮಾನಿ’ ಎಂದು ಬೇರೆ ಹೆಸರಿಡಬೇಕಾಗುತ್ತದೆ. ಕನ್ನಡಕ್ಕೆ ಬರುವಾಗ ಆ ‘ಬದ್’ ದಾರಿಯಲ್ಲಿ ಎಲ್ಲೋ ಉದುರಿಹೋಗಿ, ಉಳಿದ ಊಹೆಯೆಲ್ಲ ಕೆಟ್ಟ ಊಹೆಯೇ ಆಗಿಬಿಟ್ಟಿದೆ.

ಇದು ನಮ್ಮ ಫಾರಸಿ ಪದದ ಹಣೆಬರಹ ಮಾತ್ರ ಎಂದುಕೊಂಡಿದ್ದೆ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಮೇಷ್ಟ್ರೊಬ್ಬರು, ಸಂಸ್ಕೃತದಿಂದ ಬಂದ ‘ಅನುಮಾನ’ದ ಕತೆಯೂ ಅದೇ ಎಂದು ಹೇಳಿ ಅಚ್ಚರಿಗೊಳಿಸಿದರು. ನ್ಯಾಯಶಾಸ್ತ್ರದಲ್ಲಿ ಅನುಮಾನ ಎಂದರೆ ಶಂಕೆಯಲ್ಲ. ಪ್ರತ್ಯಕ್ಷದ ಜೊತೆಗೆ ಅದೂ ಒಂದು ಪ್ರಮಾಣ, ಅರಿವಿನ ದಾರಿ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನ. ಅದು ಸರಿಯಾಗಬೇಕಾದರೆ ಎಲ್ಲೆಲ್ಲಿ ಹೊಗೆಯೋ ಅಲ್ಲೆಲ್ಲ ಬೆಂಕಿ ಎಂಬ ತಪ್ಪದ ನಂಟು ಇರಬೇಕು. ಅದಕ್ಕೆ ವ್ಯಾಪ್ತಿ ಎನ್ನುತ್ತಾರೆ. ಕಾರಣವು ಆ ನಂಟನ್ನು ಬಿಟ್ಟು ಅಡ್ಡಾಡಿದರೆ, ಬೆಂಕಿ ಇಲ್ಲದ ಕಡೆಯಲ್ಲೂ ಕಾಣಿಸಿಕೊಂಡರೆ, ಅದು ಹೇತ್ವಾಭಾಸ. ಕಾರಣದಂತೆ ಕಾಣುವ ಆದರೆ ಕಾರಣವಲ್ಲದ ವಸ್ತು. ಈ ಬಗೆಯ ದೋಷಕ್ಕೆ ತಾರ್ಕಿಕರು ಇಟ್ಟ ಹೆಸರು ‘ಸವ್ಯಭಿಚಾರ’.

ಈ ಪದದ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. 38 ನಿಮಿಷ ಒಂದು ಹೆಣ್ಣು ಪರಪುರುಷನ ಕೋಣೆಯಲ್ಲಿದ್ದಳು, ಆದ್ದರಿಂದ ಅವಳು ಕೆಟ್ಟವಳು. ಈ ವಾಕ್ಯದ ‘ಆದ್ದರಿಂದ’ವನ್ನು ತಕ್ಕಡಿಗೆ ಹಾಕಿ ನೋಡಿ. ಜ್ವರ ಬಂದವನಿಗೆ ಮಾತ್ರೆ ಕೊಡಲು ಹೋದವಳೂ 38 ನಿಮಿಷ ಇರಬಹುದು. ಕಳೆದುಹೋದ ಬೀಗದ ಕೈ ಹುಡುಕುತ್ತ ಇರಬಹುದು. ಹೊರಗೆ ಬರಲಾಗದೆ ಸಿಕ್ಕಿಹಾಕಿಕೊಂಡೂ ಇರಬಹುದು. ನಂಟು ಬಿಟ್ಟು ಅಡ್ಡಾಡಿದ್ದು ಇಲ್ಲಿ ಹೆಣ್ಣಲ್ಲ, ಕಾರಣ. ಸರ್ ಆಲ್ಫ್ರೆಡ್ ವ್ಯಭಿಚಾರವನ್ನು ಹುಡುಕಬೇಕಾಗಿದ್ದದ್ದು ಟೋನಿಯ ಕೋಣೆಯಲ್ಲಲ್ಲ, ತನ್ನ ತರ್ಕದಲ್ಲಿ.

ಆದರೆ ಅವನು ಕಲಾವಿದ. ಕಲಾವಿದನಿಗೆ ತರ್ಕಕ್ಕಿಂತ ಕಲ್ಪನೆ ಹತ್ತಿರ. ಅಂದೇ ಸಂಜೆ ಅವನ ಕಛೇರಿ ಇರುತ್ತದೆ. ಮೂರು ಕೃತಿಗಳನ್ನು ನುಡಿಸಬೇಕು. ಒಂದೊಂದು ಕೃತಿ ಶುರುವಾದಾಗಲೂ ಕ್ಯಾಮೆರಾ ಅವನ ಕಣ್ಣಿನ ಆಳಕ್ಕೆ ಇಳಿಯುತ್ತದೆ. ಒಂದೊಂದು ರಾಗಕ್ಕೆ ಒಂದೊಂದು ಸೇಡು ಒಳಗೆ ಬಿಚ್ಚಿಕೊಳ್ಳುತ್ತದೆ.

ಮೊದಲನೆಯದು ರೋಸಿನಿಯ ‘ಸೆಮಿರಾಮಿಡೆ’ ಗೀತನಾಟಕದ ಪೂರ್ವರಂಗ. ಗಂಡನನ್ನು ಕೊಲ್ಲಿಸಿದ ರಾಣಿಯ ಕತೆಯುಳ್ಳ ನಾಟಕ ಅದು. ಚುರುಕಾದ, ಲವಲವಿಕೆಯ ಆ ಸಂಗೀತದ ಮೇಲೆ ಆಲ್ಫ್ರೆಡ್ ತನ್ನ ಹೆಂಡತಿಯನ್ನು ಕ್ಷೌರದ ಕತ್ತಿಯಿಂದ ಕೊಲ್ಲುತ್ತಾನೆ. ಧ್ವನಿಮುದ್ರಣ ಯಂತ್ರವೊಂದರ ನೆರವಿನಿಂದ ಕೊಲೆಯ ಹೊಣೆಯನ್ನು ಟೋನಿಯ ತಲೆಗೆ ಕಟ್ಟುತ್ತಾನೆ. ನ್ಯಾಯಾಲಯದಲ್ಲಿ ಟೋನಿಗೆ ಶಿಕ್ಷೆಯಾಗುವಾಗ ಕುಳಿತು ಗಹಗಹಿಸಿ ನಗುತ್ತಾನೆ. ಎರಡನೆಯದು ವ್ಯಾಗ್ನರನ ‘ಟಾನ್‌ಹಾಯ್ಸರ್’. ಪಾಪ ಮತ್ತು ಕ್ಷಮೆಯ ಕತೆ. ಆ ಗಂಭೀರ ಅಲೆಗಳ ಮೇಲೆ ಆಲ್ಫ್ರೆಡ್ ಮಹಾನುಭಾವನಾಗುತ್ತಾನೆ. ಹೆಂಡತಿಯನ್ನು ಕ್ಷಮಿಸಿ, ದೊಡ್ಡ ಮೊತ್ತದ ಚೆಕ್ ಬರೆದುಕೊಟ್ಟು, ಯೌವನ ಯೌವನವನ್ನು ಸೇರಲಿ ಎಂದು ಹರಸಿ ಕಳಿಸುತ್ತಾನೆ. ಮೂರನೆಯದು ಚೈಕೋವ್ಸ್ಕಿಯ ‘ಫ್ರಾನ್ಸೆಸ್ಕಾ ದ ರಿಮಿನಿ’, 1876ರ ರಚನೆ. ಮೈದುನನನ್ನು ಪ್ರೀತಿಸಿ ಗಂಡನ ಕೈಯಿಂದ ಸತ್ತ ಫ್ರಾನ್ಸೆಸ್ಕಾಳನ್ನು ಕವಿ ದಾಂತೆ ನರಕದಲ್ಲಿ ಕಂಡು ಮಾತನಾಡಿಸುತ್ತಾನಲ್ಲ, ಆ ಪ್ರಸಂಗದ ಸಂಗೀತರೂಪ. ಇದರ ಮೇಲೆ ಆಲ್ಫ್ರೆಡ್ ಪಿಸ್ತೂಲಿಗೆ ಒಂದೇ ಗುಂಡು ಹಾಕಿ ತಿರುಗಿಸಿ, ಟೋನಿಯನ್ನು ಸಾವಿನ ಜೂಜಿಗೆ ಕರೆದು, ತಾನೇ ಸತ್ತು ಬೀಳುತ್ತಾನೆ.

ಇತ್ತ ಸಭಾಂಗಣದಲ್ಲಿ ಕೇಳುಗರು ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಾರೆ. ಅವನು ಇಷ್ಟು ಚೆನ್ನಾಗಿ ಎಂದೂ ನುಡಿಸಿರಲಿಲ್ಲ!

ಸ್ಟರ್ಜಸ್‌ಗೆ ಈ ಕತೆ ಹೊಳೆದದ್ದು 1930ರ ದಶಕದ ಆರಂಭದಲ್ಲಿ. ಒಂದು ದೃಶ್ಯವನ್ನು ಬರೆಯುತ್ತಿದ್ದಾಗ ಅದು ತಾನು ಅಂದುಕೊಂಡಂತೆ ಬಾರದೆ ಬೇರೆ ದಾರಿ ಹಿಡಿಯಿತು. ಪಕ್ಕದ ಕೋಣೆಯ ರೇಡಿಯೋದಲ್ಲಿ ಬರುತ್ತಿದ್ದ ಸಂಗೀತವೇ ಅದಕ್ಕೆ ಕಾರಣ ಎಂದು ಆಮೇಲೆ ಅವನಿಗೆ ಗೊತ್ತಾಯಿತು. ಲೇಖಕನ ಅನುಭವವೊಂದು ನೀತಿಯ ಪ್ರಶ್ನೆಯಾಗಿ ಬೆಳೆದದ್ದು ಹೀಗೆ. ಸಾಕ್ಷ್ಯ ಒಂದೇ, 38 ನಿಮಿಷ. ಆದರೆ ಹಿನ್ನೆಲೆಯಲ್ಲಿ ಯಾವ ಸಂಗೀತ ನುಡಿಯುತ್ತಿದೆಯೋ ಅದರಂತೆ ತೀರ್ಪು ಬದಲಾಗುತ್ತದೆ. ನಮ್ಮ ಮನೆಗಳಲ್ಲಿ ಸಂಗೀತ ನುಡಿಸುವವರು ಬೇರೆ. ಒಮ್ಮೆ ಗೆಳೆಯನ ಲೇವಡಿ, ಒಮ್ಮೆ ಅತ್ತಿಗೆಯ ಅರ್ಧ ಮಾತು, ಇನ್ನೊಮ್ಮೆ ರಾತ್ರಿಯ ಧಾರಾವಾಹಿ. ನಾವು ಮಾತ್ರ, ತೀರ್ಪು ನಮ್ಮದೇ, ಅದು ಸಾಕ್ಷ್ಯದಿಂದಲೇ ಹುಟ್ಟಿದ್ದು ಎಂದು ನಂಬಿರುತ್ತೇವೆ.

ಮೂರು ಕನಸುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಷಯ ಕಣ್ಣಿಗೆ ಕುಕ್ಕುತ್ತದೆ. ಮೂರರಲ್ಲೂ ಆಲ್ಫ್ರೆಡ್‌ನೇ ನಾಯಕ. ಕೊಂದಾಗ ಜಾಣ, ಕ್ಷಮಿಸಿದಾಗ ಮಹಾತ್ಮ, ಸತ್ತಾಗ ಧೀರ. ಡಾಫ್ನಿಗೆ ಮೂರರಲ್ಲೂ ಮಾತುಗಳಿವೆ. ಆದರೆ ಪ್ರತಿಯೊಂದು ಮಾತನ್ನೂ ಬರೆದುಕೊಟ್ಟವನು ಅವನೇ. ಅವಳು ತಪ್ಪೊಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ, ಅವನಿಗೆ ಬೇಕಾದಂತೆ ತಲೆ ತಗ್ಗಿಸುತ್ತಾಳೆ. ನಿಜವಾದ ಡಾಫ್ನಿ ಅದೇ ಹೊತ್ತಿನಲ್ಲಿ ಪ್ರೇಕ್ಷಕರ ನಡುವೆ ಕುಳಿತು, ಗಂಡನ ಕಛೇರಿ ಚೆನ್ನಾಗಿ ಆಗಲಿ ಎಂದು ಹಂಬಲಿಸುತ್ತಿರುತ್ತಾಳೆ.

ಹಾಗಾಗಿ ಮೊದಲ ನೋಟಕ್ಕೆ ಕಾಣದ ಒಂದು ಮಾತನ್ನು ಹೇಳಬೇಕು. ಎರಡನೆಯ ಕನಸು, ಕ್ಷಮೆಯ ಕನಸು, ಮೊದಲನೆಯದಕ್ಕಿಂತ ಉದಾತ್ತವೆಂದು ನಮಗೆಲ್ಲ ಅನಿಸುತ್ತದೆ. ಕೊಲ್ಲುವವನಿಗಿಂತ ಕ್ಷಮಿಸುವವನು ಮೇಲು ಎಂಬುದರಲ್ಲಿ ತಕರಾರಿಲ್ಲ. ಆದರೆ ಮಾಡದ ತಪ್ಪಿಗೆ ಸಿಕ್ಕ ಕ್ಷಮೆ ಎಂಥ ಅವಮಾನ ಎಂಬುದು ಅದನ್ನು ಪಡೆದವರಿಗೇ ಗೊತ್ತು. ಹೋಗಲಿ ಬಿಡು, ನಾನು ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ ಎಂದು ಗಂಡ ದೊಡ್ಡ ಮನಸ್ಸು ಮಾಡಿದ ಮೇಲೆ ನಿರಪರಾಧಿ ಹೆಂಡತಿಗೆ ವಾದಿಸಲು ಜಾಗವೇ ಉಳಿಯುವುದಿಲ್ಲ. ಮೊಕದ್ದಮೆಯೇ ನಡೆಯದೆ ಶಿಕ್ಷೆ ಮಾಫಿಯಾಗಿದೆ. ಅವಳು ಜೀವನವಿಡೀ ಆ ಮಾಫಿಯ ಋಣದಲ್ಲಿ ಬದುಕಬೇಕು. ಕತ್ತಿಯ ಕನಸಿನಲ್ಲಿ ಅವನು ಅವಳ ಪ್ರಾಣ ತೆಗೆದ. ಚೆಕ್ಕಿನ ಕನಸಿನಲ್ಲಿ ಅವಳ ಮಾತನ್ನು.

ಷೇಕ್ಸ್‌ಪಿಯರನ ಒಥೆಲೋ ನೆನಪಾಗದೆ ಇರುವುದಿಲ್ಲ. ಅಲ್ಲಿ 38 ನಿಮಿಷದ ಜಾಗದಲ್ಲಿ ಒಂದು ಕರವಸ್ತ್ರವಿದೆ. ಅಲ್ಲಿಯೂ ಮದುವೆಯಾಗಿ ಹೆಚ್ಚು ದಿನವಾಗದ, ಹೊರಗೆ ಜಗತ್ತನ್ನೇ ಗೆದ್ದು ಒಳಗೆ ಅಳುಕುವ ಗಂಡನಿದ್ದಾನೆ. ಹಾಗಾದರೆ ಅದೇಕೆ ದುರಂತ, ಇದೇಕೆ ಹಾಸ್ಯ? ಒಥೆಲೋನ ಕೈ ಅವನ ಕಲ್ಪನೆಗೆ ವಿಧೇಯವಾಗಿತ್ತು ಎಂಬುದೇ ವ್ಯತ್ಯಾಸ. ಆಲ್ಫ್ರೆಡ್ ಕಛೇರಿ ಮುಗಿಸಿ ಮನೆಗೆ ಧಾವಿಸಿ ಮೊದಲ ಯೋಜನೆಯನ್ನು ಜಾರಿಗೆ ತರಲು ಹೊರಡುತ್ತಾನೆ. ಕನಸಿನಲ್ಲಿ ಬೆರಳು ತಾಗಿಸಿದರೆ ಓಡಿದ್ದ ಧ್ವನಿಮುದ್ರಣ ಯಂತ್ರ ಈಗ ಅಟ್ಟದಂಥ ಎತ್ತರದಲ್ಲಿದೆ. ಅದನ್ನು ಇಳಿಸಲು ಬೆತ್ತದ ಕುರ್ಚಿ ಹತ್ತಿದರೆ ಕಾಲು ಬೆತ್ತದೊಳಕ್ಕೆ ಹೂತುಹೋಗುತ್ತದೆ. ಒಂದು ಕುರ್ಚಿಯಲ್ಲ, ಮತ್ತೆ ಮತ್ತೆ. ಟೆಲಿಫೋನು ಉರುಳುತ್ತದೆ. ಬಳಸಲು ಬಹಳ ಸುಲಭ ಎಂದು ಬರೆದಿರುವ ಯಂತ್ರದ ಸೂಚನೆಗಳು ಒಂದೂ ಅರ್ಥವಾಗುವುದಿಲ್ಲ. ಮುದ್ರಿಸಿದ ಧ್ವನಿ ತಪ್ಪು ವೇಗದಲ್ಲಿ ಗೊಗ್ಗರಾಗಿ ಹೊರಡುತ್ತದೆ. ಕತ್ತಿಯ ಅಲಗು ನೋಡಲು ಹೋಗಿ ತನ್ನ ಹೆಬ್ಬೆರಳನ್ನೇ ಕೊಯ್ದುಕೊಳ್ಳುತ್ತಾನೆ. ಒಳಗೆ ಬಂದ ಡಾಫ್ನಿ ಗಾಬರಿಯಾಗಿ ಉಪಚಾರಕ್ಕೆ ನಿಲ್ಲುತ್ತಾಳೆ. ಚೆಕ್ ಬರೆದು ಮಹಾನುಭಾವನಾಗೋಣವೆಂದರೆ ಶಾಯಿ ಚೆಲ್ಲಿಕೊಳ್ಳುತ್ತದೆ.

ಈ ದೃಶ್ಯ ದೀರ್ಘವಾಯಿತೆಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಕಲ್ಪನೆಗೂ ಕೃತ್ಯಕ್ಕೂ ನಡುವೆ ಇಷ್ಟು ಕುರ್ಚಿಗಳು ಮುರಿಯಬೇಕಾಗಿರುವುದು ಮನುಷ್ಯಕುಲದ ಪುಣ್ಯ. ಬೆತ್ತದ ಕುರ್ಚಿ, ಹಾಳು ಯಂತ್ರ, ಚೆಲ್ಲಿದ ಶಾಯಿ, ಇವೆಲ್ಲ ದೇವರು ಕಳಿಸಿದ ಅಡಚಣೆಗಳ ಹಾಗೆ ಕಾಣುತ್ತವೆ. ಎಲ್ಲ ಗಂಡಸರಿಗೂ ಈ ಪುಣ್ಯ ಇರುವುದಿಲ್ಲ. ಎಲ್ಲ ಹೆಂಗಸರಿಗೂ ಇಲ್ಲ. ಶೀಲ ಶಂಕಿಸಿ ಪತ್ನಿಯ ಕೊಲೆ ಎಂಬ ಎರಡು ಕಾಲಮ್ಮಿನ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿ ಪುಟ ಮಗುಚಿದ್ದೇವೆ? ಆ ಮನೆಯಲ್ಲಿ ಕುರ್ಚಿ ಗಟ್ಟಿಯಾಗಿತ್ತು, ಅಷ್ಟೆ. ಈ ಸಿನಿಮಾದ ನೆತ್ತಿಯ ಮೇಲೂ ಒಂದು ಸಾವಿನ ನೆರಳು ಬಿದ್ದಿತ್ತು. 1948ರ ಜುಲೈಯಲ್ಲಿ ಕರೋಲ್ ಲ್ಯಾಂಡಿಸ್ ಎಂಬ ನಟಿ ಆತ್ಮಹತ್ಯೆ ಮಾಡಿಕೊಂಡಾಗ, ಅವಳೊಂದಿಗೆ ವಿವಾಹಿತ ಹ್ಯಾರಿಸನ್‌ನ ಹೆಸರು ತಳಕು ಹಾಕಿಕೊಂಡು ಬಿಡುಗಡೆಯೇ ಮುಂದೆ ಹೋಯಿತು. ಬಂದ ಮೇಲೂ ಓಡಲಿಲ್ಲ. 1984ರಲ್ಲಿ ಡಡ್ಲಿ ಮೂರ್ ಅದೇ ಕತೆಯನ್ನು ಮತ್ತೆ ಅಭಿನಯಿಸಿದ. ಆದರೆ ಈಗ ಜನ ನೆನೆಯುವುದು ಹಳೆಯದನ್ನೇ. ಯಾರಿಗೂ ನಿಜವಾಗಿ ನೋವಾಗಿಲ್ಲ ಎಂಬ ಭರವಸೆ ಇದ್ದಾಗ ಮಾತ್ರ ಇಂಥ ವಿಷಯದ ಮೇಲೆ ನಗು ಬರುತ್ತದೆ.

ಇನ್ನು ಸತ್ಯ ಏನೆಂಬುದು. ಡಾಫ್ನಿ ಆ ರಾತ್ರಿ ಟೋನಿಯ ಕೋಣೆಗೆ ಹೋದದ್ದು ತನ್ನ ಅಕ್ಕತಂಗಿಯ ಸಲುವಾಗಿ. ಆಗಸ್ಟ್‌ನ ಹೆಂಡತಿ ಬಾರ್ಬರಾಳನ್ನು ಹುಡುಕಿಕೊಂಡು. ಒಳಗೆ ಹೋದ ಮೇಲೆ, ಹೊರಗೆ ಯಾರೋ ಕಾವಲು ಕಾಯುತ್ತಿರುವುದು ಅವಳಿಗೆ ಕಾಣುತ್ತದೆ. ಈ ಉಡುಪಿನಲ್ಲಿ, ಈ ಬಾಗಿಲಿನಿಂದ ಹೊರಬಂದರೆ ಅವನೇನು ತಿಳಿದುಕೊಂಡಾನು ಎಂದು ಹೆದರಿ ಒಳಗೇ ಉಳಿಯುತ್ತಾಳೆ. ಕಾವಲಿನವನು ಇಲ್ಲದಿದ್ದರೆ ಅವಳು ಹೋದ ಹಾಗೆಯೇ ಬರುತ್ತಿದ್ದಳು. 38 ನಿಮಿಷಗಳನ್ನು ಅಳೆದವನೇ ಆ 38 ನಿಮಿಷಗಳನ್ನು ಉಂಟುಮಾಡಿದ್ದ.

ಇದಕ್ಕಿಂತ ಕರಾರುವಾಕ್ಕಾಗಿ ಗೂಢಚಾರಿಕೆಯ ವಿರುದ್ಧ ವಾದ ಹೂಡಿದ್ದನ್ನು ನಾನು ಕಂಡಿಲ್ಲ. ಬೇಹು ನಡೆಸುವವನು, ಇದ್ದುದನ್ನು ಇದ್ದ ಹಾಗೆ ನೋಡಿ ಬಂದೆ ಎಂದುಕೊಳ್ಳುತ್ತಾನೆ. ಆದರೆ ಅವನು ನೋಡುತ್ತಿದ್ದಾನೆ ಎಂಬುದರಿಂದಲೇ ನೋಟ ಬದಲಾಗಿರುತ್ತದೆ. ಫೋನನ್ನು ಗಂಡ ಪರೀಕ್ಷಿಸುತ್ತಾನೆಂದು ತಿಳಿದ ಹೆಂಡತಿ ತವರಿನ ಅಣ್ಣನ ಸಂದೇಶವನ್ನೂ ಅಳಿಸಿಹಾಕತೊಡಗುತ್ತಾಳೆ. ಅಳಿಸಿದ್ದೇ ಸಾಕ್ಷ್ಯವಾಗುತ್ತದೆ. ಹಿಂದೆ ಇಂಥ ಕೆಲಸಕ್ಕೆ ಸ್ವೀನಿಯಂಥವನಿಗೆ ದುಡ್ಡು ಕೊಡಬೇಕಾಗಿತ್ತು. ಈಗ ಪತ್ತೇದಾರ ಎಲ್ಲರ ಜೇಬಿನಲ್ಲಿದ್ದಾನೆ. ಕೊನೆಯ ಸಲ ಫೋನು ನೋಡಿದ್ದು ಎಷ್ಟು ಹೊತ್ತಿಗೆ, ನೀಲಿ ಗುರುತು ಬಿದ್ದರೂ ಉತ್ತರ ಏಕಿಲ್ಲ, ನಕಾಶೆಯಲ್ಲಿ ಚುಕ್ಕಿ ಎಲ್ಲಿ ನಿಂತಿದೆ, ಎಲ್ಲಕ್ಕೂ ವರದಿ ಸಿದ್ಧ. ಹರಿದು ಬಿಸಾಡೋಣವೆಂದರೆ ಕಾಗದವೂ ಇಲ್ಲ.

ಕುರ್‌ಆನಿನ ‘ಅಲ್ ಹುಜುರಾತ್’ ಅಧ್ಯಾಯದ ಹನ್ನೆರಡನೆಯ ವಚನದಲ್ಲಿ ಮೂರು ನಿಷೇಧಗಳು ಒಂದರ ಹಿಂದೊಂದು ಬರುತ್ತವೆ: ಕೆಟ್ಟ ಊಹೆ, ಬೇಹುಗಾರಿಕೆ, ಬೆನ್ನ ಹಿಂದಿನ ದೂರು. ಚಿಕ್ಕಂದಿನಲ್ಲಿ ಇದನ್ನು ಮೂರು ಬೇರೆ ಬೇರೆ ಪಾಪಗಳ ಪಟ್ಟಿ ಎಂದು ಕಲಿತಿದ್ದೆ. ಈಗ ಅದು ಮೂರು ಮೆಟ್ಟಿಲುಗಳ ಒಂದೇ ಏಣಿಯಂತೆ ಕಾಣುತ್ತದೆ. ಊಹೆ ಹುಟ್ಟಿದ ಮೇಲೆ ಇಣುಕಬೇಕೆನಿಸುತ್ತದೆ. ಇಣುಕಿದ ಮೇಲೆ ಯಾರಿಗಾದರೂ ಹೇಳಬೇಕೆನಿಸುತ್ತದೆ. ಸ್ಟರ್ಜಸ್‌ನ ಸಿನಿಮಾದಲ್ಲಿ ಏಣಿ ತಲೆಕೆಳಗಾಗಿದೆ. ಅಲ್ಲಿ ಮೊದಲು ಬೇಹು ನಡೆಯುತ್ತದೆ, ಆಮೇಲೆ ಮಾತು ಕಿವಿಗೆ ಬೀಳುತ್ತದೆ, ಕೊನೆಗೆ ಊಹೆ ಹುಟ್ಟುತ್ತದೆ. ಹೇಗೆ ಹತ್ತಿದರೂ ಏಣಿ ತಲುಪಿಸುವ ಜಾಗ ಒಂದೇ.

ಇಲ್ಲಿ ಓದುಗರೊಬ್ಬರು ಎದ್ದು ಕೇಳಬಹುದು: ಹಾಗಾದರೆ ಕಣ್ಣು ಮುಚ್ಚಿಕೊಂಡು ನಂಬಬೇಕೇ? ಮೋಸ ನಡೆಯುವುದೇ ಇಲ್ಲವೇ? ನಡೆಯುತ್ತದೆ. ಈ ಸಿನಿಮಾದಲ್ಲೇ ನಡೆದಿದೆ. ಟೋನಿಯ ನಂಟು ಇದ್ದದ್ದು ಬಾರ್ಬರಾಳೊಂದಿಗೆ. ಪರರ ಹೆಂಡತಿಯ ಮೇಲೆ ಕಾವಲಿಟ್ಟ ಆಗಸ್ಟ್‌ನ ಮನೆಯಲ್ಲೇ ಬಿರುಕಿತ್ತು. ಹೆಂಗಸರೆಲ್ಲ ನಿರಪರಾಧಿಗಳು ಎಂಬ ಸುಲಭದ ನೀತಿ ಈ ಕತೆಯಲ್ಲಿಲ್ಲ. ಗಂಡಸರೂ ಹಾಗಲ್ಲ. ಸರ್ ಆಲ್ಫ್ರೆಡ್ ಇಂಗ್ಲೆಂಡಿನಲ್ಲಿ ಎಷ್ಟು ನಿಮಿಷ ಎಲ್ಲೆಲ್ಲಿದ್ದ ಎಂದು ಸಿನಿಮಾದಲ್ಲಿ ಯಾರೂ ಕೇಳುವುದಿಲ್ಲ, ಗಮನಿಸಿ. ಶಂಕಿಸುವ ಹಕ್ಕು ಗಂಡಸಿನದು, ಶುದ್ಧಳೆಂದು ತೋರಿಸುವ ಹೊಣೆ ಹೆಂಗಸಿನದು ಎಂಬುದು ಎಲ್ಲ ಕಾಲದ ಒಪ್ಪಂದದಂತೆ ನಡೆದು ಬಂದಿದೆ. ನಮ್ಮ ದೇಶದಲ್ಲಿ 1860ರ ದಂಡ ಸಂಹಿತೆಯ 497ನೇ ಕಲಮು ಈ ಒಪ್ಪಂದಕ್ಕೆ ಸರ್ಕಾರಿ ಮುದ್ರೆಯನ್ನೇ ಒತ್ತಿತ್ತು. ಹೆಂಡತಿಯೊಡನೆ ಸಂಬಂಧ ಇಟ್ಟುಕೊಂಡ ಪರಪುರುಷನ ಮೇಲೆ ಗಂಡ ದೂರಬಹುದಿತ್ತು. ಗಂಡ ತಪ್ಪಿದರೆ ಹೆಂಡತಿಗೆ ಅಂಥ ದಾರಿ ಇರಲಿಲ್ಲ. ಯಾರದೋ ಸ್ವತ್ತಿಗೆ ಧಕ್ಕೆಯಾದಂತೆ ಅದನ್ನು ಕಾಣಲಾಗಿತ್ತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಲಮನ್ನು ರದ್ದು ಮಾಡಿತು. ಪುಸ್ತಕದಿಂದ ಹೋದದ್ದು ಮನಸ್ಸಿನಿಂದಲೂ ಹೋಯಿತೆಂದು ಹೇಳಲಾರೆ.

ನಂಬಿಕೆ ಎಂದರೆ, ಏನೂ ನಡೆದಿಲ್ಲ ಎಂದು ಮೊದಲೇ ತೀರ್ಮಾನಿಸುವುದು ಎಂದು ನಾನು ತಿಳಿದಿಲ್ಲ. ಅದೂ ಒಂದು ಗುಮಾನಿಯೇ, ಒಳ್ಳೆಯ ಗುಮಾನಿ. ನನ್ನ ಮಟ್ಟಿಗೆ ನಂಬಿಕೆ ಎಂದರೆ ಮೊದಲ ಮಾತಿನ ಹಕ್ಕನ್ನು ಎದುರಿನವರಿಗೆ ಬಿಟ್ಟುಕೊಡುವುದು. ನನ್ನ ಕತೆ ಸಿದ್ಧವಾಗುವ ಮೊದಲು ಅವರ ಮಾತು ನನ್ನ ಕಿವಿಗೆ ಬೀಳಬೇಕು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಕನ್ನಡದ ಗಾದೆ. ಆಲ್ಫ್ರೆಡ್ ಮೂರು ಭವ್ಯವಾದ ದಾರಿಗಳನ್ನು ಯೋಚಿಸಿದ. ನಾಲ್ಕನೆಯ ಸಣ್ಣ ದಾರಿಯೊಂದಿತ್ತು, ಕೇಳುವುದು. ಅದಕ್ಕೆ ಯಾವ ಸಂಗೀತವೂ ಬೇಕಿರಲಿಲ್ಲ. ಕನ್ನಡದಲ್ಲಿ ‘ವಿಚಾರಿಸುವುದು’ ಬೇರೆ, ‘ವಿಚಾರಣೆ’ ಬೇರೆ. ಎರಡೂ ಒಂದೇ ಬೇರಿನವು. ಒಂದರಲ್ಲಿ ಕೇಳುವವನು ಪಕ್ಕದಲ್ಲಿ ಕುಳಿತಿರುತ್ತಾನೆ, ಇನ್ನೊಂದರಲ್ಲಿ ಎತ್ತರದ ಪೀಠದ ಮೇಲೆ.

ಇದನ್ನು ಇಷ್ಟು ಖಚಿತವಾಗಿ ಬರೆಯುತ್ತಿರುವವನು ಪೀಠದ ಮೇಲೆ ಕುಳಿತ ಅನುಭವ ಉಳ್ಳವನು. ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿಯ ಚೀಲದಲ್ಲಿ ಚಿಲ್ಲರೆ ಹುಡುಕುವಾಗ ಬಸ್ಸಿನ ಎರಡು ಟಿಕೇಟುಗಳು ಸಿಕ್ಕವು. ಪಕ್ಕದ ತಾಲೂಕಿಗೆ ಹೋಗಿ ಬಂದದ್ದು, ಒಂದೇ ದಿನ. ಅವಳು ಅಲ್ಲಿಗೆ ಹೋದದ್ದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ನಾನು ಕತೆಗಾರ. ಎರಡು ಟಿಕೇಟುಗಳಿಂದ ಊರು ಕಟ್ಟಿದೆ, ಊರಿನಲ್ಲಿ ಮನೆ ಕಟ್ಟಿದೆ, ಮನೆಯಲ್ಲಿ ಮನುಷ್ಯರನ್ನು ಕೂರಿಸಿದೆ. ನಾಲ್ಕು ದಿನ ಊಟದ ಹೊತ್ತಿಗೆ ತುಟಿ ಬಿಗಿದುಕೊಂಡು ಕೂತೆ. ಉಪ್ಪು ಹೆಚ್ಚಾಗಿದೆ ಎಂದೆ. ಮೂರನೆಯ ರಾತ್ರಿ, ಆಲ್ಫ್ರೆಡ್‌ನ ಹಾಗೆಯೇ, ಅವಳನ್ನು ಕ್ಷಮಿಸಿಯೂ ಬಿಟ್ಟೆ. ಕಣ್ಣು ತುಂಬಿ ಬಂದಿತು, ನನ್ನ ಔದಾರ್ಯ ಕಂಡು.

ನಾಲ್ಕನೆಯ ದಿನ ತಡೆಯಲಾರದೆ ಟಿಕೇಟುಗಳನ್ನು ಅವಳ ಮುಂದಿಟ್ಟೆ. ಅವಳು ಅವನ್ನು ನೋಡಿ, ನನ್ನನ್ನು ನೋಡಿ, “ಸಾಬಿರಾಪ್ಪಾ ತಾಯಿ ತೀರಿಕೊಂಡರಲ್ಲ, ಮಯ್ಯತ್ ಮನೆಗೆ ಹೋಗಿ ಬರ್ತೀನಿ ಅಂತ ನಿಮಗೆ ಹೇಳಿಯೇ ಹೋದೆನಲ್ಲ. ಪೇಪರ್ ಓದ್ತಾ ‘ಹೂಂ’ ಅಂದಿರಿ” ಎಂದಳು.

ಹೇಳಿದ್ದಳು. ‘ಹೂಂ’ ಎಂದಿದ್ದೆ. ಒಂದೊಂದಾಗಿ ಎಲ್ಲವೂ ನೆನಪಿಗೆ ಬಂತು. ಮೊದಲ ಮಾತಿನ ಹಕ್ಕನ್ನು ಅವಳು ಬಳಸಿಯೇ ಇದ್ದಳು, ನನ್ನ ಕಿವಿ ಮಾತ್ರ ಅಲ್ಲಿರಲಿಲ್ಲ. ಕೇಳುವುದು ಎಂಬ ಕನ್ನಡ ಪದಕ್ಕೆ ಎರಡು ಅರ್ಥವಿರುವುದು ಸುಮ್ಮನೆ ಅಲ್ಲ. ಒಂದು, ಪ್ರಶ್ನೆ ಹಾಕುವುದು. ಇನ್ನೊಂದು, ಕಿವಿಗೊಡುವುದು. ಎರಡನೆಯದನ್ನು ಮಾಡಿದ್ದರೆ ಮೊದಲನೆಯದರ ಅಗತ್ಯವೇ ಬೀಳುತ್ತಿರಲಿಲ್ಲ.

ಸಿನಿಮಾದ ಕೊನೆಯಲ್ಲಿ ಆಲ್ಫ್ರೆಡ್ ನಿಜ ತಿಳಿದು ಕರಗಿಹೋಗುತ್ತಾನೆ, ಹೆಂಡತಿಯನ್ನು ಅಪ್ಪಿಕೊಳ್ಳುತ್ತಾನೆ. ಅವಳು ಅವನ ಅಂದಿನ ಹುಚ್ಚಾಟವನ್ನೆಲ್ಲ ಕಛೇರಿಯ ದಣಿವೆಂದು ತಿಳಿದು ಮನ್ನಿಸುತ್ತಾಳೆ. ತಾನು ಆ ಸಂಜೆ ಗಂಡನ ತಲೆಯಲ್ಲಿ ಒಮ್ಮೆ ಕೊಲೆಯಾಗಿ, ಒಮ್ಮೆ ಭಿಕ್ಷೆ ಪಡೆದು, ಒಮ್ಮೆ ಅವನ ಸಾವಿಗೆ ಕಾರಣಳಾದದ್ದು ಅವಳಿಗೆ ತಿಳಿಯುವುದಿಲ್ಲ. ಅವನು ಹೇಳಬೇಕಿತ್ತೇ? ಕೈಯಿಂದ ಏನೂ ನಡೆಯದಿದ್ದಾಗ, ಮನಸ್ಸಿನಲ್ಲಿ ಮಾಡಿದ ಅನ್ಯಾಯಕ್ಕೆ ಕ್ಷಮೆ ಕೇಳಬೇಕೇ? ಬೆನ್ನ ಹಿಂದೆ ಒಬ್ಬರ ಬಗ್ಗೆ ಕೆಟ್ಟದ್ದಾಡಿದವನು ಅವರ ಬಳಿ ಹೋಗಿ ಒಪ್ಪಿಕೊಳ್ಳಬೇಕೇ, ಅಥವಾ ಗೊತ್ತಿಲ್ಲದವರ ಎದೆಗೆ ಹೊಸ ಗಾಯ ಮಾಡದೆ ಸದ್ದಿಲ್ಲದೆ ಅವರ ಒಳಿತಿಗಾಗಿ ಪ್ರಾರ್ಥಿಸಿದರೆ ಸಾಕೇ ಎಂದು ನಮ್ಮ ಹಿಂದಿನ ಉಲೇಮಾಗಳೂ ಚರ್ಚಿಸಿದ್ದಾರೆ. ಅವರಲ್ಲಿ ಒಮ್ಮತವಿಲ್ಲ. ಹೇಳಿ ಹಗುರಾಗುವವನು ತಾನು ಹೊತ್ತದ್ದನ್ನು ಇನ್ನೊಬ್ಬರ ಹೆಗಲಿಗೆ ದಾಟಿಸುತ್ತಿರಬಹುದು. ಹೇಳದೆ ಉಳಿಯುವವನು ಅದನ್ನು ಮತ್ತೆ ಮಾಡಲು ಸ್ವತಂತ್ರನಾಗಿ ಉಳಿಯುತ್ತಿರಬಹುದು. ನನಗೂ ಇದರ ಇತ್ಯರ್ಥ ಆಗಿಲ್ಲ.

ಅಂದು ನನ್ನ ಹೆಂಡತಿ ಮೊದಲು ನಕ್ಕಳು. ಆಮೇಲೆ ಟಿಕೇಟುಗಳನ್ನು ಮಡಚುತ್ತ, “ನಾಲ್ಕು ದಿನದಿಂದ ಇದನ್ನು ಇಟ್ಟುಕೊಂಡು ಏನು ಯೋಚನೆ ಮಾಡ್ತಿದ್ದಿರಿ?” ಎಂದು ಕೇಳಿದಳು.

“ಏನಿಲ್ಲ, ಒಂದು ಹೊಸ ಕತೆ” ಎಂದೆ.

“ಕತೆಯಲ್ಲಿ ನಾನೂ ಇದ್ದೀನಾ?”

ನಾನು ಉತ್ತರ ಕೊಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ; ಎದ್ದು ಒಲೆಯ ಕಡೆ ಹೋದಳು. ಈ ಮಾಸಿಕ ಮನೆಗೆ ಬಂದಾಗ ನನಗಿಂತ ಮೊದಲು ಬಿಚ್ಚಿ ಓದುವವಳು ಅವಳೇ.